ಬೊಮ್ಮನ ಅಡ್ಡಸೊಪ್ಪು

ಕಡಲಮಕ್ಕಿ ಮತ್ತು ಹೊಳೆಬಾಗಿಲು ಎಂಬ ಎರಡು ಊರುಗಳ ನಡುವೆ ಸಮುದ್ರಕ್ಕೆ ಮೂಗು ಚಾಚಿ ಕುಳಿತಿರುವ ಕಾಡುಗುಡ್ಡವೊಂದಿದೆ. ಈಗ ಬೆನ್ನಿಗೆ ಚೀಲ ಕಟ್ಟಿಕೊಂಡ ಚಾರಣಿಗರು ಹಿಂಡುಹಿಂಡಾಗಿ ಬಂದು ಅದನ್ನು ಹತ್ತುತ್ತಾರೆ. ನೆತ್ತಿಯ ಹತ್ತಿರ ದಾರಿ ಕವಲೊಡೆಯುತ್ತದೆ. ಎಡಗಡೆಯದು ಅಗಲ, ಸಪಾಟು, ಗಾಳಿಯೂ ಹಿತ; ಅದು ನೇರ ಕಡಲ ಮೇಲಿನ ಕಡಿಬಂಡೆಗೆ, ಪ್ರಪಾತದ ಅಂಚಿಗೆ, ಹೋಗಿ ಮುಗಿಯುತ್ತದೆ. ಬಲಗಡೆಯದು ಕಲ್ಲು ಮುಳ್ಳಿನ ನಡುವೆ ನುಸುಳುವ ಹಾದಿ, ದಾರಿಯೆಂದು ಹೇಳಿದರೂ ನಂಬುವಂತಿಲ್ಲ. ಊರು ಸೇರಿಸುವುದು ಮಾತ್ರ ಅದೇ. ಬಂದವರೆಲ್ಲ ಮೊದಲು ಮೆಚ್ಚುವುದು ಎಡದ್ದನ್ನೇ. ಅವರನ್ನು ದೂರಿ ಫಲವಿಲ್ಲ, ನೋಡಲಿಕ್ಕೆ ಅದು ಹಾಗೇ ಇದೆ. ಆ ಕವಲಿನಲ್ಲಿ ಒಂದು ಕಾಸರಕನ ಮರವಿದೆ. ಕೆಳಗಿನ ಹಳ್ಳದ ದಂಡೆ ಬಿಟ್ಟರೆ ಗುಡ್ಡದಲ್ಲಿ ಬೇರೆಲ್ಲೂ ಕಾಸರಕ ಕಾಣದು. ಈ ಜಾಗವನ್ನು ಬೊಮ್ಮನ ಅಡ್ಡಸೊಪ್ಪು ಎನ್ನುತ್ತಾರೆ.

ಹಿಂದೆ ಒಮ್ಮೆ, ಮಳೆಗಾಲ ಹಿಡಿದು ದೋಣಿಗಳೆಲ್ಲ ದಡ ಸೇರಿದ ಮೇಲೆ, ಈಚೆಯ ಊರಿನವರು ಆಚೆಗೆ ಹೋಗಲು ಈ ಗುಡ್ಡವೊಂದೇ ಗತಿಯಾಗಿತ್ತಂತೆ. ಕಡಲಮಕ್ಕಿಯ ಬೊಮ್ಮ ಗೌಡ ಕತ್ತಿ ಹಿಡಿದು ಕಾಡು ಹೊಕ್ಕು, ಬಿದ್ದು ಎದ್ದು, ಈ ದಾರಿ ಹುಡುಕಿದವನು. ಆ ವರ್ಷ ಅದನ್ನು ಬಲ್ಲವನು ಅವನೊಬ್ಬನೇ. ಕಾಡಿನಲ್ಲಿ ಮುಂದೆ ಹೋದವನು ಹಿಂದಿನವರಿಗಾಗಿ ತಪ್ಪುದಾರಿಗೆ ಅಡ್ಡಲಾಗಿ ಹಸಿರು ಟೊಂಗೆ ಇಡುವುದು ಆ ಕಡೆಯ ರೂಢಿ. ಅಡ್ಡಸೊಪ್ಪು ಕಂಡಲ್ಲಿ ಕಾಲಿಡಬಾರದು. ದಾಟಿದವನನ್ನು ಸೊಕ್ಕಿನವನೆಂದು ಊರು ದೂರ ಇಡುತ್ತಿತ್ತು. ಇಡುವವನಿಗೂ ಕಟ್ಟಳೆಯಿತ್ತು. ಸೊಪ್ಪು ಕಾಸರಕನದ್ದೇ ಆಗಬೇಕು, ಏಕೆಂದರೆ ಆ ಕಹಿಯನ್ನು ಯಾವ ಮೃಗವೂ ಮೂಸುವುದಿಲ್ಲ.

ಒಂದು ದಿನ ಬೊಮ್ಮ ಮದುವೆಯ ದಿಬ್ಬಣವೊಂದನ್ನು ಗುಡ್ಡ ದಾಟಿಸುತ್ತಿದ್ದ. ಉಪ್ಪಿನ ಹೊರೆ ಹೊತ್ತು ಜೊತೆಗೆ ಬಂದಿದ್ದವನು ಅವನ ಅಕ್ಕ ಹೊನ್ನಿಯ ಗಂಡ ಗಣಪು. ಅರ್ಧ ಏರಿನಲ್ಲಿ ಗಣಪುವಿನ ಕಾಲಿಗೆ ಮುಳ್ಳು ಹೊಕ್ಕಿತು. "ಮುಹೂರ್ತ ಮೀರ್ತದೆ ಬೊಮ್ಮಾ, ನೀ ಇವರನ್ನ ಕರ್ಕಂಡು ನಡೆ. ಕವಲಲ್ಲಿ ಸೊಪ್ಪು ಹಾಕಿರು, ನಾ ಹಿಂದಿಂದ ಬತ್ತೆ" ಎಂದು ಅವನು ಕಲ್ಲಿನ ಮೇಲೆ ಕುಳಿತ. ಕವಲು ತಲುಪಿದಾಗ ಬೊಮ್ಮನಿಗೆ ನೆನಪಾಯಿತು, ಹಳ್ಳದಲ್ಲಿ ಕಾಸರಕ ಕಡಿದುಕೊಳ್ಳಲು ಮರೆತಿದ್ದ. ದಿಬ್ಬಣದವರ ಹರಟೆಯಲ್ಲಿ ಮೈಮರೆತದ್ದು. ಇಳಿದು ತರೋಣವೆಂದರೆ ಮಂಜು ಕವಿಯುತ್ತಿತ್ತು, ಮದುಮಗನ ಮಾವ ಗೊಣಗುತ್ತಿದ್ದ, ದಾರಿ ಕಂಡುಹಿಡಿದವನೇ ಮರೆತನೆಂದರೆ ನಗೆಪಾಟಲು. ಈ ಹೊತ್ತಿಗೆ ಇಷ್ಟು ಸಾಕು ಎಂದುಕೊಂಡು ಕೈಗೆ ಸಿಕ್ಕ ಕಾಡುಹಲಸಿನ ಟೊಂಗೆಯನ್ನು ಮುರಿದು ಅಡ್ಡ ಇಟ್ಟು ನಡೆದ.

ಭಾವ ಹೊಳೆಬಾಗಿಲಿಗೆ ಬರಲಿಲ್ಲ. ಬೊಮ್ಮ ಏದುಸಿರು ಬಿಡುತ್ತ ಹಿಂದಿರುಗಿದಾಗ ಕವಲಿನಲ್ಲಿ ಸೊಪ್ಪಿರಲಿಲ್ಲ. ಹುಲ್ಲಿನೊಳಗೆ ಬರೀ ಕೋಲೊಂದು ಬಿದ್ದಿತ್ತು, ತೊಗಟೆಯ ಮೇಲೆ ಹಲ್ಲಿನ ಗುರುತು, ಕೆಸರಿನಲ್ಲಿ ಕಡವೆಯ ಗೊರಸಿನಚ್ಚು. ಕಡಿಬಂಡೆಯ ಅಂಚಿನ ಪೊದೆಗೆ ಭಾವನ ತಲೆವಸ್ತ್ರ ಸಿಕ್ಕಿಕೊಂಡಿತ್ತು. ಬೊಮ್ಮ ಆ ಕೋಲನ್ನೆತ್ತಿ ತಂದು ಸಮುದ್ರಕ್ಕೆ ಎಸೆದ. ಊರವರು ಬಂದು, "ಸೊಪ್ಪು ಹಾಕಿದ್ಯೇನೋ?" ಎಂದು ಕೇಳಿದರು. "ಹಾಕಿದ್ದೆ" ಎಂದ. ಸುಳ್ಳಾಡಿದಂತೆಯೂ ಆಗಲಿಲ್ಲ.

ಹಾಗಾದರೆ ಗಣಪುವೇ ಸೊಪ್ಪು ಸರಿಸಿ ದಾಟಿದ ಎಂದು ಊರು ತೀರ್ಮಾನಿಸಿತು. ಬದುಕಿದ್ದಾಗ ಇರುವೆಗೂ ದಾರಿ ಬಿಡುತ್ತಿದ್ದ ಮನುಷ್ಯ ಸತ್ತ ಮೇಲೆ ಸೊಕ್ಕಿನವನಾದ. ಅವನ ಮಗಳನ್ನು ಹೆಣ್ಣು ಕೇಳಲು ಬಂದವರು ಬಾಗಿಲಿಂದಲೇ ತಿರುಗಿದರು. ಹೊನ್ನಿ ಮಾತ್ರ ತಮ್ಮನಿಗೆ ಗಂಜಿ ಬಡಿಸುತ್ತ, "ನೀ ಏನ್ ಮಾಡ್ತೆ ತಮ್ಮಾ, ನಿನ್ನ ಕೆಲಸ ನೀ ಮಾಡಿದ್ದೆ" ಎಂದು ಅವನನ್ನೇ ಸಮಾಧಾನ ಮಾಡುತ್ತಿದ್ದಳು. ಬೊಮ್ಮ ಹೇಳಿಬಿಡಬೇಕೆಂದು ಬಾಯಿ ತೆರೆಯುವನು, ಉಪ್ಪು ಕಡಿಮೆಯಾಯಿತೇ ಎಂದು ಅವಳು ಕೇಳುವಳು, ಇಲ್ಲವೆಂದು ತಲೆಯಾಡಿಸಿ ಎದ್ದುಬಿಡುವನು. ಹೀಗೆ ಎಷ್ಟೋ ಮಳೆಗಾಲ ಕಳೆಯಿತು.

ಕೊನೆಗೊಮ್ಮೆ ಹೊನ್ನಿ ಕಾಸರಕನ ಟೊಂಗೆ ಹಿಡಿದು ತಮ್ಮನ ಅಂಗಳಕ್ಕೆ ಬಂದಳು. "ಆ ಕವಲಿಗೆ ನನ್ನ ಕರ್ಕಂಡು ಹೋಗು. ಅವ್ರು ದಾಟಿದ ತಪ್ಪಿಗೆ ನಾ ಸೊಪ್ಪು ಹಾಕಿ ಕೈಮುಗಿದು ಬತ್ತೆ. ಹುಡುಗಿಗಾದ್ರೂ ಒಳ್ಳೇದಾಗ್ಲಿ" ಎಂದಳು. ಬೊಮ್ಮ ಮುಂದೆ ನಡೆದ. ಮಂಡಿನೋವಿನ ಅಕ್ಕ ಕಲ್ಲುಕಲ್ಲಿಗೆ ಕುಳಿತು ಏಳುತ್ತ ಹಿಂದೆ ಬಂದಳು. ಟೊಂಗೆಯನ್ನು ತಾನು ಹೊರುತ್ತೇನೆಂದರೂ ಕೊಡಲಿಲ್ಲ. ಕವಲಿನಲ್ಲಿ ಅವಳು ಬಗ್ಗಿ ಅದನ್ನು ಇಡುವಷ್ಟರಲ್ಲಿ ಬೊಮ್ಮ ನೆಲಕ್ಕೆ ಕುಸಿದು ಅವಳ ಕಾಲು ಹಿಡಿದ. ಹಲಸಿನ ಸೊಪ್ಪು, ಕಡವೆ, ಎಸೆದ ಕೋಲು, ಎಲ್ಲವನ್ನೂ ಹೇಳಿದ.

ಹೊನ್ನಿ ಕಡಿಬಂಡೆಯ ಕಡೆ ತಿರುಗಿದಳು. "ಹಂಗಾದ್ರೆ ಅವ್ರು ದಾಟ್ಲಿಲ್ಲ" ಎಂದಳು. ಮತ್ತೆ ಅದನ್ನೇ ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಟೊಂಗೆಯನ್ನು ತಮ್ಮನ ಕೈಗಿಟ್ಟು, "ಇದು ನಿಂದು" ಎಂದು, ಅವನಿಗೆ ಕಾಯದೆ ಗುಡ್ಡ ಇಳಿದಳು. ಮತ್ತೆಂದೂ ಅವನಿಗೆ ಗಂಜಿ ಬಡಿಸಲಿಲ್ಲವಂತೆ.

ಬೊಮ್ಮ ಅಂದೇ ಊರೊಟ್ಟಿನ ಮುಂದೆ ತಪ್ಪೊಪ್ಪಿಕೊಂಡ. ಗಣಪುವಿನ ಮೇಲಿನ ಮಾತು ಅಳಿಯಿತು, ಮಗಳ ಮದುವೆಯೂ ಆಯಿತು. ಸತ್ತವನ ಹೆಸರನ್ನು ಆ ಜಾಗಕ್ಕೆ ಇಡೋಣವೆಂದು ಹಿರಿಯರು ಹೊರಟಾಗ, ಬೇಡ, ನನ್ನ ಹೆಸರೇ ಇರಲಿ, ದಾಟುವವರೆಲ್ಲ ಯಾಕೆಂದು ಕೇಳಲಿ ಎಂದು ಬೊಮ್ಮನೇ ಬೇಡಿಕೊಂಡನಂತೆ. ಹಳ್ಳದ ದಂಡೆಯಿಂದ ಕಾಸರಕನ ಬೀಜ ತಂದು ಕವಲಿನಲ್ಲಿ ಊರಿದ. ಮುಂದಿನವರಿಗೆ ಮರೆವಾದರೂ ಸೊಪ್ಪು ಕೈಗೆಟುಕಲಿ ಎಂದು. ಕಾಲು ನಡೆಯುವವರೆಗೂ ದಿನಾ ಹತ್ತಿ ಸೊಪ್ಪು ಇಟ್ಟು ಬರುತ್ತಿದ್ದ.

ಈಗಲೂ ಎಡದಾರಿಗೆ ಅಡ್ಡಲಾಗಿ ಒಣಗಿದ ಟೊಂಗೆಗಳ ರಾಶಿ, ಅದರ ಮೇಲೆ ಆ ದಿನದ್ದೊಂದು ಹಸಿರು ಟೊಂಗೆ ಕಾಣುತ್ತದೆ. ಊರವರು ಗುಡ್ಡ ದಾಟುವಾಗ ತಪ್ಪದೆ ಮರದಿಂದ ಒಂದು ಮುರಿದು ಇಡುತ್ತಾರೆ. ಇಟ್ಟ ಮೇಲೆ ಗಂಡಸರು, ಹೆಂಗಸರು, ಭಾವನೇ ಇಲ್ಲದವರು ಕೂಡ, ಬೊಮ್ಮ ಹೇಳುತ್ತಿದ್ದ ಮಾತನ್ನೇ ಬಂದ ದಾರಿಯ ಕಡೆ ತಿರುಗಿ ಹೇಳುತ್ತಾರೆ: "ಭಾವಾ, ಬಲಗಡೆ ಬಾ." ಹೇಳಿ, ಒಂದು ಗಳಿಗೆ ನಿಂತು, ಮುಂದೆ ನಡೆಯುತ್ತಾರೆ.