ಬೇಸಿಗೆಯಲ್ಲಿ ಅಳೆದ ಜೌಗು

ಶಿಷ್ಯ ಕೇಳಿದ: "ಗುರುಗಳೇ, ನಮ್ಮೂರ ಜೌಗನ್ನು ಉಳಿಸಿಕೊಡಿ ಎಂದು ಅರಮನೆಗೆ ಬಿನ್ನಹ ಬರೆಯುತ್ತಿದ್ದೇನೆ. ಪೂರ್ತಿ ಕೇಳಿದರೆ ಏನೂ ಸಿಗಲಿಕ್ಕಿಲ್ಲ. ಅರ್ಧ ಕೇಳಿದರೆ ಸಾಲದೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದ ಹೊರಗೆ, ಮಳೆಗಾಲದಲ್ಲಿ ಬೆಟ್ಟದ ಬುಡದವರೆಗೂ ಹರಡುವ ಜೌಗು ಇತ್ತು. ಪಟ್ಟಣದ ಬಾವಿಗಳೆಲ್ಲ ಅದರಿಂದಲೇ ತುಂಬುತ್ತಿದ್ದವು. ಅದರ ಜೊಂಡಿನಿಂದ ನೂರು ಮನೆಯವರು ಚಾಪೆ ಹೆಣೆಯುತ್ತಿದ್ದರು. ಆ ಚಾಪೆಗಳನ್ನು ಒಬ್ಬ ವರ್ತಕ ಊರೂರಿಗೆ ಒಯ್ದು ಮಾರುತ್ತಿದ್ದ. ಅವುಗಳ ಮೇಲೆ ಮಲಗಿದವರಿಗೆ ನೀರಿನ ಕನಸು ಬೀಳುತ್ತದೆ ಎಂದು ಜನ ಹೇಳುತ್ತಿದ್ದರು. ವರ್ತಕ ಅದನ್ನು ನಂಬುತ್ತಿರಲಿಲ್ಲ. ಗಿರಾಕಿಗಳ ಮುಂದೆ ಅಲ್ಲಗಳೆಯುತ್ತಲೂ ಇರಲಿಲ್ಲ.

ಜೌಗನ್ನು ಬಸಿದು ಗದ್ದೆ ಮಾಡಬೇಕೆಂದು ಕೆಲವರು ಹೊರಟರು. ಜೊಂಡು ಹೋದರೆ ಚಾಪೆ ಇಲ್ಲ, ಚಾಪೆ ಹೋದರೆ ತಾನಿಲ್ಲ ಎಂದು ವರ್ತಕನಿಗೆ ಗೊತ್ತಿತ್ತು. ಅವನು ಮಂತ್ರಿಯ ಬಳಿಗೆ ಹೋದ.

ಮಂತ್ರಿ ಎಲ್ಲವನ್ನೂ ಕೇಳಿ ಹೇಳಿದ: "ಜೌಗಿಗೆ ರಾಜಮುದ್ರೆಯ ಕಾವಲು ಕೊಡೋಣ. ಅಳತೆಯವರು ಯಾವಾಗ ಬರಬೇಕು, ಎಲ್ಲಿಯವರೆಗೆ ಕಲ್ಲು ನೆಡಬೇಕು, ನೀವೇ ಹೇಳಿ ಶೆಟ್ಟರೇ."

ವ್ಯಾಪಾರದಲ್ಲಿ ತಲೆ ನೆರೆತವನು ಅವನು. ಎದುರಿಗಿದ್ದವನು ಎದ್ದುಹೋಗದಂತೆ ಮಾತಾಡುವುದು ಅವನಿಗೆ ಅಭ್ಯಾಸ. ಸಣ್ಣದಾಗಿ ಕಂಡರೆ ಬೇಗ ಒಪ್ಪುತ್ತಾರೆ ಎಂದು ಲೆಕ್ಕ ಹಾಕಿದ. "ಬೇಸಿಗೆಯಲ್ಲಿ ಬರಲಿ, ಸ್ವಾಮಿ. ಆಗ ನೀರು ನಿಂತಿರುವಷ್ಟು ಜಾಗ ಸಾಕು" ಎಂದ.

ಬೇಸಿಗೆ ಬಂತು. ಅಳತೆಯವರು ಬಂದು ಹಗ್ಗ ಎಳೆದರು. ನಡುವೆ ಇಷ್ಟೇ ಇಷ್ಟು ನೀರು. ಅದರಾಚೆಗೆ ಬೆಟ್ಟದ ಬುಡದವರೆಗೂ ಒಣಗಿದ ಬಯಲು, ಅದರ ಮೇಲೆ ನೀರಿನಂತೆಯೇ ತೋರುವ ಬಿಸಿಲು.

ಜೊಂಡು ಕೊಯ್ಯುವ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಇದೇನು ಶೆಟ್ಟರೇ, ಮನೆಯವಳು ತವರಿಗೆ ಹೋದಾಗ ಮನೆ ಪಾಲು ಮಾಡಿದ ಹಾಗಾಯಿತಲ್ಲ! ನೀರು ಈಗ ತವರಿಗೆ ಹೋಗಿದೆ. ತಿರುಗಿ ಬಂದರೆ ಎಲ್ಲಿ ಮಲಗಬೇಕು ಅದು?"

"ಸುಮ್ಮನಿರಜ್ಜಿ, ಅವರಿಗೆ ಕೇಳಿಸೀತು. ಸಿಕ್ಕಿದ್ದನ್ನು ಮೊದಲು ಕಟ್ಟಿಕೊಳ್ಳೋಣ."

"ಕಟ್ಟಿಕೊಳ್ಳಿ, ಕಟ್ಟಿಕೊಳ್ಳಿ. ಗೋಣಿಚೀಲದಲ್ಲಿ ನೀರು ಕಟ್ಟಿದವರನ್ನು ನಾನೂ ಒಮ್ಮೆ ನೋಡಿದ ಹಾಗಾಗುತ್ತದೆ."

ಕಲ್ಲು ನೆಟ್ಟರು. ಕಲ್ಲಿನ ಒಳಗಿನದು ಜೌಗು ಎಂದು ಬರೆದಾಯಿತು. ಹಾಗಾದರೆ ಹೊರಗಿನದು ಜೌಗಲ್ಲ ಎಂದಾಯಿತು. ಗದ್ದೆ ಬೇಕೆಂದವರು ಅಲ್ಲಿ ಉತ್ತರು, ತಮ್ಮ ಗದ್ದೆಗಳಿಗೆ ಎತ್ತರದ ಬದು ಹಾಕಿದರು, ನೀರು ಹೊಳೆಗೆ ಹೋಗಲು ಕಾಲುವೆ ತೋಡಿದರು.

ಮಳೆಗಾಲದಲ್ಲಿ ನೀರು ಬೆಟ್ಟದ ಕಡೆಯಿಂದ ಹಿಂದಿನಂತೆಯೇ ಬಂತು. ಸದ್ದಿಲ್ಲದೆ, ನಿದ್ದೆಯಲ್ಲಿ ನಡೆಯುವವರ ಹಾಗೆ, ತನಗೆ ಗೊತ್ತಿದ್ದ ದಾರಿಯಲ್ಲೇ ಬಂತು. ಬದು ಅಡ್ಡವಾಯಿತು. ಮೂರು ದಿನ ಬದುವಿಗೆ ಒರಗಿ ನಿಂತಿತು. ನಾಲ್ಕನೆಯ ದಿನ ಕಾಲುವೆ ಹಿಡಿದು ಹೊಳೆಗೆ ಹೊರಟುಹೋಯಿತು.

ಕೆಲವು ವರ್ಷಗಳಲ್ಲಿ ಜೊಂಡು ಒಣಗಿತು. ಬಾವಿಗಳು ಇಳಿದವು. ದೂರದಿಂದ ಬರುತ್ತಿದ್ದ ಹಕ್ಕಿಗಳು ಊರು ತಪ್ಪಿತೋ ಏನೋ ಎಂಬಂತೆ ಮೇಲೆಯೇ ಸುತ್ತಿ ಮರಳಿದವು. ಕಲ್ಲುಗಳು ಮಾತ್ರ ಒಂದೂ ಅಲುಗಲಿಲ್ಲ. ಬಿರುಕು ಬಿಟ್ಟ ನೆಲವನ್ನು ಅರಮನೆಯ ಕಾವಲುಗಾರ ನಿಷ್ಠೆಯಿಂದ ಕಾಯುತ್ತಿದ್ದ.

ವರ್ತಕ ಮಂತ್ರಿಯ ಬಳಿಗೆ ಓಡಿದ. "ಸ್ವಾಮಿ, ಜೌಗು ಸಾಯುತ್ತಿದೆ. ಕಲ್ಲುಗಳನ್ನು ಬೆಟ್ಟದ ಬುಡಕ್ಕೆ ಸರಿಸಿಕೊಡಿ."

"ಈಗ ಅಲ್ಲಿ ಮನೆಗಳಿವೆ, ತೊಟ್ಟಿಲುಗಳಿವೆ. ಅವರನ್ನು ಎಲ್ಲಿಗೆ ಎಬ್ಬಿಸಲಿ?" ಎಂದ ಮಂತ್ರಿ. ಮತ್ತೆ ಹೇಳಿದ: "ಬೆಟ್ಟದ ಬುಡದವರೆಗೂ ಬರೆದುಕೊಡಲು ಅಂದು ನನಗೆ ದೊರೆಯ ಅಪ್ಪಣೆ ಇತ್ತು, ಶೆಟ್ಟರೇ. ನೀವು ಇಷ್ಟು ಸಾಕು ಎಂದಿರಿ. ನಾನು ಆಗಲಿ ಎಂದೆ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ಕೊಡುವ ಮನಸ್ಸಿದ್ದ ಮಂತ್ರಿ ಅಂದೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಗುರುಗಳೇ? ತಪ್ಪು ಅರಮನೆಯದೇ ಅಲ್ಲವೇ?"

ಗುರುಗಳು ಹೇಳಿದರು: "ಅರಮನೆ ಇಲ್ಲವೆನ್ನಲಿಲ್ಲ, ಮಗು, ಅರಮನೆಯ ಪರವಾಗಿ ಇಲ್ಲವೆಂದವನು ವರ್ತಕನೇ."