ನಿಂಬೆಹಣ್ಣು ಗೆದ್ದ ಟೈರು

ಕಲ್ಲು ಸಾಗಿಸುವ ಗುರುಶಾಂತ ತನ್ನ ಪಿಕಪ್ ಗಾಡಿಗೆ ಸೊಂಟದೆತ್ತರದ ಟೈರು ಹಾಕಿಸಿದ. ಮೆಕ್ಯಾನಿಕ್ ತಲೆ ಕೆರೆದುಕೊಂಡು, "ಆಕ್ಸಲ್ ಗೇರನ್ನೂ ಬದಲಿಸಪ್ಪ. ಈಗ ಎಂಜಿನ್ ಕಡೆಯ ದಂಡ ನಾಲ್ಕು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಇಷ್ಟು ದೊಡ್ಡ ಟೈರನ್ನು ಏರಿನಲ್ಲಿ ತಿರುಗಿಸುವ ಬಲ ಬರಬೇಕಾದರೆ ಐದು ಸುತ್ತಿನ ಗೇರು ಬೇಕು" ಎಂದ.

"ಒಳಗಿರೋ ಗೇರನ್ನ ಯಾರು ಬಗ್ಗಿ ನೋಡ್ತಾರೆ?" ಎಂದ ಗುರುಶಾಂತ, ಟೈರುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಅಡಿಗೆ ನಿಂಬೆಹಣ್ಣು ಇಟ್ಟು ಗಾಡಿ ಬಿಟ್ಟ.

ಹಣ್ಣು ಅಪ್ಪಚ್ಚಿಯಾಯಿತು. ಹಿಂದಿನ ಟೈರಿಗೆ ತಲೆ ನಿಲ್ಲಲಿಲ್ಲ. "ನೋಡಿದೆಯಾ ನನ್ನ ಪ್ರತಾಪ?" ಎಂದು ಆಕ್ಸಲ್ ಒಳಗಿನ ಹಳೆಯ ಗೇರನ್ನು ಕೇಳಿತು.

ಹತ್ತು ವರ್ಷ ಎಣ್ಣೆಯಲ್ಲಿ ಮುಳುಗಿ ದುಡಿದ ಗೇರಿಗೆ ಮೈಯೆಲ್ಲ ಉರಿಯಿತು. ಆದರೂ ತಡೆದುಕೊಂಡು, "ಸ್ವಾಮಿ, ತಮ್ಮನ್ನು ಏರು ಹತ್ತಿಸುವುದು ನನ್ನಿಂದಾಗದು. ನನ್ನನ್ನು ಇಳಿಸಿ, ತಮಗೆ ತಕ್ಕವನನ್ನು ತರಿಸಿಕೊಳ್ಳಿ" ಎಂದಿತು.

"ಕತ್ತಲಲ್ಲಿ ಕೂತವನು ನನಗೆ ಬುದ್ಧಿ ಹೇಳುವುದೆ? ಪೂಜೆ ನಡೆದದ್ದು ಯಾರಿಗೆ?"

ಗೇರು ಎಣ್ಣೆಯಲ್ಲಿ ಮತ್ತೆ ಸುತ್ತತೊಡಗಿತು.

ಮಧ್ಯಾಹ್ನ ಚಪ್ಪಡಿ ಹೇರಿಕೊಂಡ ಗಾಡಿ ಕಲ್ಲುಗಣಿಯ ಏರು ಹತ್ತತೊಡಗಿತು. ಅರ್ಧಕ್ಕೇ ಎಂಜಿನ್ ನಿಂತು ಗಾಡಿ ಹಿಂದಕ್ಕೆ ಜಾರಿತು. ಗುರುಶಾಂತ ಬ್ರೇಕ್ ಒತ್ತಿ ಬೊಬ್ಬೆ ಹೊಡೆದ. ಗಣಿಯವರು ಓಡಿಬಂದು ಟೈರಿನ ಹಿಂದೆ ಕಲ್ಲು ಕೊಟ್ಟು, ಗಹಗಹಿಸಿ ನಕ್ಕರು.

"ಏನಾದರೂ ಮಾಡೋ, ಮಾನ ಹೋಗ್ತಿದೆ!" ಎಂದು ಟೈರು ಅಂಗಲಾಚಿತು.

"ನನ್ನಿಂದೇನಾಗುತ್ತದೆ ಮಹಾಪ್ರಭು?" ಎಂದಿತು ಗೇರು. "ಕೂತಿರಿ. ಇನ್ನೊಂದು ನಿಂಬೆಹಣ್ಣು ಸಿಕ್ಕರೆ ಹೇಳಿಕಳಿಸುತ್ತೇನೆ."