ಅಂಬೆಗಾಲಿನ ಕೋಟೆ

ಮುದ್ದಯ್ಯನಹಟ್ಟಿಯ ಹಿಂದಿನ ಗುಡ್ಡದ ಮೇಲೆ ಒಂದು ಕೋಟೆ ಇದೆ. ಏಳು ಬತೇರಿ, ಒಂದೇ ಬಾಗಿಲು, ಒಳಗೆ ಬಿದ್ದುಹೋದ ಅರಮನೆಯ ಪಾಯ. ಸರ್ಕಾರದ ಫಲಕದಲ್ಲಿ ಇದರ ಹೆಸರು ಜಡವಪ್ಪನಾಯಕನ ದುರ್ಗ. ಆ ಹೆಸರು ಹೇಳಿ ದಾರಿ ಕೇಳಿದರೆ ಹಟ್ಟಿಯಲ್ಲಿ ಯಾರಿಗೂ ತಿಳಿಯುವುದಿಲ್ಲ; ಅಂಬೆಗಾಲಿನ ಕೋಟೆ ಎಂದರೆ ದನ ಕಾಯುವವರೂ ಕೈ ತೋರಿಸುತ್ತಾರೆ. ನಾಯಕನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲಬೇಕಾಗಿಯೂ ಇಲ್ಲ.

ಹಿಂದೆ ಒಮ್ಮೆ ಸುತ್ತಲಿನ ಹತ್ತು ಹಳ್ಳಿಗಳನ್ನು ಇಮ್ಮಡಿ ಜಡವಪ್ಪನಾಯಕ ಆಳುತ್ತಿದ್ದನಂತೆ. ಮೊದಲನೆಯ ಜಡವಪ್ಪ ಯಾರೆಂದು ಇವತ್ತಿಗೂ ಗೊತ್ತಿಲ್ಲ. ತೂಕ ಬರಲೆಂದು ಇಮ್ಮಡಿಯನ್ನು ತಾನೇ ಸೇರಿಸಿಕೊಂಡಿದ್ದ ಎನ್ನುತ್ತಾರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈತ ಹಗಲಲ್ಲಿ, ಮರದ ನೆರಳಲ್ಲೂ ಹಿಡಿಸುತ್ತಿದ್ದ. ಎರಡಾಳೆತ್ತರದ ಆ ಕೆಂಪು ಸತ್ತಿಗೆ ಯಾರೆದುರಿಗೂ ತಗ್ಗಬಾರದೆಂದು ಅವನ ಅಪ್ಪಣೆ. ಕೋಟೆ ಕಟ್ಟಲು ಬಂದ ಕಲ್ಲುಕುಟಿಗರ ಹಿರಿಯ ಗುರುವಬೋವಿ ಮೊದಲ ದಿನವೇ ಹೇಳಿದ: "ಬಾಕ್ಲು ಎದುರಿಗೆ ನೆಟ್ಟಗಿರಬಾರ್ದು ಬುದ್ದಿ. ಗಿಡ್ಡಕ್ಕೆ ಮಾಡಿ, ಒಂದು ಸುತ್ತು ತಿರುಗಿಸ್ಬೇಕು. ಇಲ್ದಿದ್ರೆ ಆನೆ ಓಡ್ಬಂದು ಗುದ್ದುತ್ತೆ."

"ಸತ್ತಿಗೆ ಇಳಿಸ್ಕೊಂಡು, ಮೂಲೆ ತಿರುಗಿ, ನನ್ನ ಮನೆಗೆ ನಾನು ಕಳ್ಳನಂಗೆ ಹೋಗ್ಬೇಕೇನೋ?" ಎಂದ ನಾಯಕ.

ಗುರುವಬೋವಿಗೆ ಮೈ ಉರಿಯಿತು, ಆದರೂ ಕಟ್ಟಿದ. ಮೂರಾಳೆತ್ತರದ ಕಮಾನು ಎದ್ದಿತು. ಅಷ್ಟುದ್ದದ ಹಲಗೆ ಸೀಮೆಯಲ್ಲೇ ಸಿಗದೆ, ತುಂಡು ಜೋಡಿಸಿ ಕದ ನಿಲ್ಲಿಸಿದರು. ಮರುವರ್ಷವೇ ನೆರೆಯ ಪಾಳೆಯಗಾರ ಆನೆಗಳೊಂದಿಗೆ ದಂಡೆತ್ತಿ ಬಂದ. ತನ್ನನ್ನು ಕಂಡರೇ ಓಡುತ್ತಾರೆಂದು ನಾಯಕ ಸತ್ತಿಗೆ ಹಿಡಿಸಿಕೊಂಡು ಹೊರಗೆ ಹೊರಟ. ಕೋಟೆಯೊಳಗೆ ಹತ್ತು ಹಳ್ಳಿಯ ಜನರಿದ್ದರು, ಗುರುವಬೋವಿಯ ಬಾಣಂತಿ ಮಗಳೂ ಇದ್ದಳು. ಆ ಕದ ಒಂದು ಗುದ್ದಿಗೂ ತಾಳದೆಂದು ಬೋವಿಗೆ ಗೊತ್ತಿತ್ತು. ಜನರನ್ನೆಲ್ಲ ಸೇರಿಸಿ ಕಮಾನಿಗೆ ಕಾಡುಗಲ್ಲು ತುಂಬಿಸಿದ. ಹೊಲಗಳಿಂದ ಓಡಿಬರುವವರಿಗಾಗಿ ಬುಡದಲ್ಲಿ ತೊಡೆಯೆತ್ತರದ ಕಿಂಡಿಯೊಂದನ್ನು ಮಾತ್ರ ಉಳಿಸಿದ. ಕೊನೆಗೆ ಓಡಿಬಂದವನು ನಾಯಕ.

"ಮುಚ್ಚಬ್ಯಾಡ ಬೋವಿ, ನಾನು," ಎಂದು ಹೊರಗಿನಿಂದ ಅಳುದನಿ ಕೇಳಿತು.

"ಸತ್ತಿಗೆ ಅಲ್ಲೇ ಬಿಟ್ಟು ಬನ್ನಿ ಬುದ್ದಿ," ಎಂದ ಗುರುವಬೋವಿ.

ಇಮ್ಮಡಿ ಜಡವಪ್ಪನಾಯಕ ಹತ್ತು ಹಳ್ಳಿಯ ಕಣ್ಣೆದುರು ಅಂಬೆಗಾಲಿಕ್ಕಿ ಒಳಬಂದ. ಯಾರ ಮುಖವನ್ನೂ ನೋಡದೆ ಅರಮನೆ ಸೇರಿಕೊಂಡ. ಕಿಂಡಿಗೆ ಬಂಡೆಯೊಂದನ್ನು ಉರುಳಿಸಿದ ಮೇಲೆ ಗುರುವಬೋವಿ ಒಂದು ಚೊಂಬು ಆಡಿನ ಹಾಲು ತರಿಸಿ, ಕಿಂಡಿಯ ಮೇಲ್ಗಲ್ಲಿಗೆ ಹೊಯ್ದ. ಹಾಲು ಹೊಯ್ದ ಗೋಡೆಯ ಒಂದು ಕಲ್ಲನ್ನೂ ಮತ್ತೆ ಕೀಳಬಾರದೆಂಬುದು ಕಲ್ಲುಕುಟಿಗರ ಕಟ್ಟಳೆ.

ಹನ್ನೆರಡು ದಿನ ಗುದ್ದಿ ಗುದ್ದಿ ಆನೆಗಳು ಸೋತು, ದಂಡು ಹಿಂತಿರುಗಿತು. ಬಂಡೆಯನ್ನು ಸರಿಸಿ ಜನ ಹೊರಬಂದರು. ಗೋಡೆ ಕೀಳಿರೆಂದು ನಾಯಕ ಕೂಗಾಡಿದ. "ಹಾಲು ಹೊಯ್ದಾಗಿದೆ, ಬುದ್ದಿ," ಎಂದು ಗುರುವಬೋವಿ ಉಳಿಗಳನ್ನು ಕಟ್ಟಿಕೊಂಡು ಮಗಳೊಂದಿಗೆ ಹೊರಟುಹೋದ. ದೂರದೂರಿಂದ ಕರೆಸಿದ ಕುಟಿಗರೂ ಮೇಲ್ಗಲ್ಲಿನ ಹಾಲಿನ ಕಲೆ ನೋಡಿ, ಕೈಮುಗಿದು ವಾಪಸಾದರು. ನಾಯಕ ಆಮೇಲೆ ಬದುಕಿದ ಇಪ್ಪತ್ತು ವರ್ಷವೂ ಅದೇ ಕಿಂಡಿಯಲ್ಲಿ ತೆವಳಿದ. ಸತ್ತಾಗ ಹೆಣವನ್ನೂ ಕಾಲು ಹಿಡಿದು ಅದರಲ್ಲೇ ಎಳೆದರಂತೆ.

ಗೋಡೆ ಈಗಲೂ ಹಾಗೆಯೇ ನಿಂತಿದೆ. ಕಿಂಡಿಯ ಹೊಸ್ತಿಲು ಮಂಡಿಗಳು ಉಜ್ಜಿ ನುಣುಪಾಗಿದೆ. ಕ್ಯಾಮೆರಾ ಹಿಡಿದು ಬರುವವರು ಮೊದಲು ತಲೆಯೆತ್ತಿ ಆ ಕಮಾನನ್ನು ನೋಡುತ್ತಾರೆ, ಆಮೇಲೆ ನೆಲಕ್ಕೆ ಕೈಯೂರುತ್ತಾರೆ.